ವಾಸನೆ ಇಲ್ಲದ ಮದ್ದು

ಅಜ್ಜನ ಕಾಲದ ಬೆಂಚಿನ ಹಸಿರು ಪೈಂಟ್ ತೆಗೆದು ಪಾಲಿಶ್ ಹಾಕುವ ಆಸೆ ಮುಳ್ಳೇರಿಯದ ಪ್ರೇಮನಾಥನಿಗೆ ಹುಟ್ಟಿದ್ದೇ ಎಲ್ಲಕ್ಕೂ ಮೂಲ. ಪೈಂಟ್ ಬಿಡಿಸಲು ಮೊದಲು ತಂದ ಮದ್ದಿನ ಡಬ್ಬಿ ತೆರೆದ ಕೂಡಲೇ ಅವನಿಗೆ ಕಣ್ಣುರಿ, ಹೆಂಡತಿ ಜಲಜಾಕ್ಷಿಗೆ ಉಬ್ಬಸ. ಹಳೆಯ ಪೈಂಟಿನಲ್ಲಿ ಸೀಸ ಇರಬಹುದು, ಉಜ್ಜಿದರೆ ಧೂಳು, ಸುಟ್ಟರೆ ಹೊಗೆ, ಎರಡೂ ವಿಷ ಎಂದು ಹೇಳಿದ ಅಂಗಡಿಯವನು ವಾಸನೆ ಇಲ್ಲದ ಬೇರೆ ಮದ್ದು ಕೊಟ್ಟ. ಬಳಿದು, ಪ್ಲಾಸ್ಟಿಕ್ ಸುತ್ತಿ, ಸಂಜೆಯವರೆಗೆ ಬಿಡಬೇಕಿತ್ತು.

ಜಲಜಾಕ್ಷಿಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಬೆಳಗಿನ ಬಸ್ಸಿಗೇ ವರ್ಕಾಡಿಯ ತಾಯಿಮನೆಗೆ ಹೊರಟಳು.

ಪ್ರೇಮನಾಥ ಮಾಸ್ಕ್, ಕೈಗವಸು ಹಾಕಿಕೊಂಡು ಮದ್ದು ಬಳಿದ. ಬೆಂಚಿಗೆ ಹೆಣಕ್ಕೆ ಸುತ್ತಿದ ಹಾಗೆ ಪ್ಲಾಸ್ಟಿಕ್ ಸುತ್ತಿ ಹಿಂದಿನ ಜಗಲಿಯಲ್ಲಿ ಮಲಗಿಸಿದ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಲೋಲಾಕ್ಷಿಯ ಕೈ ಅರ್ಧದಲ್ಲೇ ನಿಂತಿತು.

“ಪ್ರೇಮಣ್ಣ, ಜಲಜಕ್ಕ ಕಾಣುವುದಿಲ್ಲವಲ್ಲ?”

“ಅವಳು ಬೆಳಿಗ್ಗೆಯೇ ಹೋದಳು.”

“ಅದೆಂತ ಸುತ್ತಿಟ್ಟದ್ದು?”

“ವಾಸನೆ ಬರಲಿಕ್ಕಿಲ್ಲ, ಹೆದರಬೇಡಿ. ಸಂಜೆ ಕೆರೆದು ತೊಳೆದರೆ ಮುಗಿಯಿತು.”

ಲೋಲಾಕ್ಷಿ ಒಳಗೆ ಓಡಿ ಜಲಜಾಕ್ಷಿಗೆ ಫೋನು ಮಾಡಿದಳು. ಅವಳು ಮರೆತು ಬಿಟ್ಟುಹೋದ ಫೋನು ಪ್ರೇಮನಾಥನ ಅಡುಗೆಮನೆಯಲ್ಲೇ ಬಡಿದುಕೊಂಡಿತು. ಲೋಲಾಕ್ಷಿಯ ಗಂಡ ಚೆನ್ನಯ್ಯ ಬೇವಿನ ಸೊಪ್ಪು ಕೇಳುವ ನೆಪದಲ್ಲಿ ಬಂದು, ಬೆಕ್ಕಿನ ಹಾಗೆ ಮೂಗು ಅರಳಿಸಿದ. ಯಾವ ವಾಸನೆಯೂ ಇರಲಿಲ್ಲ. ಅವನ ಸಂಶಯ ಗಟ್ಟಿಯಾದದ್ದೇ ಆಗ.

ಮಧ್ಯಾಹ್ನದ ಹೊತ್ತಿಗೆ ಬೇಲಿಯುದ್ದಕ್ಕೂ ತಲೆಗಳು. ಸಂಜೆಗೆ ಪೊಲೀಸರು. ಪ್ರೇಮನಾಥ ಬೆವರುತ್ತಾ ಪೈಂಟು, ಸೀಸ, ಉಬ್ಬಸ ಎಂದು ತೊದಲಿದಷ್ಟೂ ಎಸ್.ಐ.ಯ ಹುಬ್ಬು ಮೇಲೇರಿತು. ಬಿಚ್ಚಲು ಹೇಳಿದರು.

ಬಿಚ್ಚಿದರೆ ಬೆಂಚು. ಪೈಂಟು ದೋಸೆಯ ಹಾಗೆ ಉಬ್ಬಿತ್ತು. ವರ್ಕಾಡಿಯ ತಾಯಿಮನೆಗೆ ಫೋನು ಹೋಯಿತು. ಊಟ ಮಾಡಿದಿರಾ ಎಂದು ಜಲಜಾಕ್ಷಿಯೇ ಕೇಳಿದಳು. ಜನ ನಾಚಿಕೆಯಿಂದ ನೆಲ ನೋಡಿದರು. ಗೆದ್ದ ಹುಮ್ಮಸ್ಸಿನಲ್ಲಿ ಪ್ರೇಮನಾಥ ಎಲ್ಲರೆದುರೇ ಪೈಂಟು ಕೆರೆದ. ಹಸಿರು ಸಿಪ್ಪೆ ಸಲೀಸಾಗಿ ಎದ್ದುಬಂತು. ಕೆಳಗೆ ಹಲಸಿನ ಮರ ಜೇನಿನಂತೆ ಹೊಳೆಯಿತು. ಅದರಲ್ಲಿ ಕೆತ್ತಿದ ಅಕ್ಷರಗಳೂ ಕಂಡವು.

ಚೆನ್ನಯ್ಯ ಕನ್ನಡಕ ಹಾಕಿ ಬಾಗಿದ. “ಬಟ್ಯಪ್ಪ. ಇದು ನನ್ನ ಅಜ್ಜನ ಹೆಸರು ಮಾರಾಯ. ಮದುವೆಗೆ ಅಂತ ನಿಮ್ಮ ಅಜ್ಜ ಎರವಲು ಕೊಂಡುಹೋದ ಬೆಂಚು. ಕಳೆದುಹೋಯ್ತು ಅಂತ ಹೇಳಿದ್ದರಂತೆ.”

ಎಸ್.ಐ. ಹಸಿರು ಸಿಪ್ಪೆಯನ್ನೂ ಪ್ರೇಮನಾಥನನ್ನೂ ಒಂದೇ ನೋಟದಲ್ಲಿ ನೋಡಿದರು. ಅಜ್ಜ ಯಾಕೆ ಅಷ್ಟು ದಪ್ಪಕ್ಕೆ ಪೈಂಟು ಬಳಿದಿದ್ದರೆಂದು ಪ್ರೇಮನಾಥನಿಗೂ ಹೊಳೆಯಿತು.

ತಲೆಯ ಕಡೆ ಚೆನ್ನಯ್ಯ, ಕಾಲಿನ ಕಡೆ ಒಬ್ಬ ಪೊಲೀಸು ಹಿಡಿದು ಬೆಂಚನ್ನು ಬೇಲಿ ದಾಟಿಸಿದರು. ಸ್ವಲ್ಪ ಹೊತ್ತಿಗೆ ಲೋಲಾಕ್ಷಿ ಆಚೆಯಿಂದ ಇಣುಕಿ ಮೆಲ್ಲಗೆ ಕೇಳಿದಳು:

“ಪ್ರೇಮಣ್ಣ, ಆ ಮದ್ದು ಉಳಿದದ್ದು ಉಂಟಾ? ಬೆಂಚಿನ ಕಾಲಿನಲ್ಲಿ ಇನ್ನೂ ಸ್ವಲ್ಪ ಹಸಿರು ಉಂಟು.”