ನಾನೇ ಆರಿಸಿ ತಂದ ಎಸ್‌ಎಸ್‌ಡಿ

ಮನೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕು, ಆರಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಬಾರದೆಂದು ನಾನು ತೀರ್ಮಾನಿಸಿದ್ದೆ. ಚನ್ನಗಿರಿಯಲ್ಲಿ ಮದುವೆ ಫೋಟೋ ತೆಗೆದು, ಆಲ್ಬಂ ಮಾಡಿಕೊಡುವ ನನಗೆ ಇದೇನು ಮಹಾ ವಿದ್ಯೆ!

ಆ ಕಂಪ್ಯೂಟರು ಹಗಲು ನನ್ನದು. ಸಂಜೆ ನನ್ನ ಹೆಂಡತಿ ಶೋಭಾಳದು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಈಕೆ ಮನೆಗೆ ಬಂದು ಕೈಕಾಲು ತೊಳೆದು ಕೂತರೆ, ಕಾರ್ ರೇಸ್ ಆಟದಲ್ಲಿ ಯಾರಿಗೂ ದಾರಿ ಬಿಡುವವಳಲ್ಲ. ಆದರೆ ಹಳೆಯ ಹಾರ್ಡ್‌ಡಿಸ್ಕ್ ನಮ್ಮಿಬ್ಬರನ್ನೂ ಸಮಾನವಾಗಿ ಗೋಳಾಡಿಸುತ್ತಿತ್ತು. ಸ್ವಿಚ್ ಒತ್ತಿ, ಟೀ ಕಾಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು.

ಯಾವುದು ಹೊಂದುತ್ತದೆಂದು ತಿಳಿದವರನ್ನು ಕೇಳಿಕೊಂಡು ಹೋಗಿ ಎಂದಳು ಶೋಭಾ. ನಾನು ಕೇಳಲಿಲ್ಲ. ಮೂರು ದಿನ ಕೂತು ವಿಡಿಯೋ ನೋಡಿದೆ. ಆಟಕ್ಕೆ ವೇಗ ಬೇಕು, ಆಲ್ಬಂಗೆ ಜಾಗ ಬೇಕು, ಎರಡೂ ನಮ್ಮ ಬಜೆಟ್ಟಿನೊಳಗೆ ಸಿಗಬೇಕು. ಇಷ್ಟು ತಿಳಿದ ಮೇಲೆ ಪಂಡಿತನಾದೆನೆಂದುಕೊಂಡು ದಾವಣಗೆರೆ ಬಸ್ ಹತ್ತಿದೆ.

ಅಂಗಡಿಯವರು ನಿಮ್ಮದು ಯಾವ ಮದರ್‌ಬೋರ್ಡ್ ಎಂದು ಕೇಳಿದರು. ಕರಿ ಬಣ್ಣದ್ದು ಎಂದೆ. ಅವರು, ಒಳಗಿನದೊಂದು ಫೋಟೋ ಇದ್ದರೆ ತೋರಿಸಿ ಎಂದರು. ಸಾವಿರಾರು ಮದುವೆ ಫೋಟೋ ತೆಗೆದವನು ನಾನು. ಅದೊಂದರದು ಮಾತ್ರ ಇರಲಿಲ್ಲ!

ಬಜೆಟ್ಟಿನಲ್ಲಿ ಸಿಕ್ಕ ಅತಿ ವೇಗದ್ದನ್ನೇ ತಂದೆ. ಚೂಯಿಂಗ್ ಗಮ್ ಪಟ್ಟಿಯಂತಿತ್ತು. ಕಂಪ್ಯೂಟರು ಬಿಚ್ಚಿದೆ. ಶೋಭಾ ಟಾರ್ಚ್ ಹಿಡಿದಳು. ಇಬ್ಬರೂ ಇಣುಕಿ ಇಣುಕಿ ನೋಡಿದೆವು.

"ರೀ, ಇದು ಕೂರಾಕೆ ಜಾಗ ಎಲ್ಲೈತೆ?"

ಎಲ್ಲೂ ಇರಲಿಲ್ಲ.

ಮರುದಿನ ಮತ್ತೆ ದಾವಣಗೆರೆ. ಅಂಗಡಿಯವರು ದೊಡ್ಡ ಮನಸ್ಸು ಮಾಡಿ, ಅದನ್ನು ವಾಪಸ್ ತೆಗೆದುಕೊಂಡು ಚಪ್ಪಟೆ ಡಬ್ಬಿಯಂಥದ್ದನ್ನು ಕೊಟ್ಟರು. ಹಳೆಯ ಕಂಪ್ಯೂಟರಿಗೆ ಇದೇ ಸರಿ, ಆಟಕ್ಕೂ ಕೆಲಸಕ್ಕೂ ಈ ವೇಗ ಧಾರಾಳ ಎಂದು ವಿವರಿಸಿದರು. ಕಂಪ್ಯೂಟರು ತಂದರೆ ಹಳೆಯದರಲ್ಲಿರುವುದೆಲ್ಲವನ್ನೂ ಹೊಸದಕ್ಕೆ ತಾವೇ ನಕಲು ಮಾಡಿಕೊಡುತ್ತೇವೆಂದೂ ಹೇಳಿದರು. ನಾನು ವಿನಯದಿಂದ ನಿರಾಕರಿಸಿದೆ. ಒಮ್ಮೆ ಸೋತವನು ಎರಡನೇ ಸಲ ಗೆಲ್ಲದೆ ಬಿಟ್ಟಾನೆಯೇ?

ಮನೆಯಲ್ಲಿ ಹಳೆಯ ಡಿಸ್ಕು, ಹೊಸ ಡಿಸ್ಕು ಎರಡನ್ನೂ ಜೋಡಿಸಿ, ನಕಲು ಮಾಡುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಿಂದ ಓಡಿಸಿದೆ. ಯಾವುದರಿಂದ ಯಾವುದಕ್ಕೆ ನಕಲು ಮಾಡಲಿ ಎಂದು ಪರದೆ ಕೇಳಿತು. ಆರಿಸಿದೆ. ಆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು. ಹೊಸದರಲ್ಲಿ ಅಳಿಸಲು ಏನಿದೆ ಎಂದು ನಕ್ಕು ಒತ್ತಿದೆ. ಕೆಲಸ ನಾಲ್ಕೇ ನಿಮಿಷಕ್ಕೆ ಮುಗಿಯಿತು. ಆಹಾ, ಏನು ವೇಗ ಎಂದುಕೊಂಡೆ. ಆಮೇಲೆ ತಿಳಿಯಿತು: ಹೊಸದರ ಖಾಲಿತನವನ್ನೆಲ್ಲ ಹಳೆಯದಕ್ಕೆ ಶ್ರದ್ಧೆಯಿಂದ ನಕಲು ಮಾಡಿದ್ದೆ!

ಬಸವಾಪಟ್ಟಣದ ಮದುವೆಯೊಂದರ ಆಲ್ಬಂ ಅದರಲ್ಲಿತ್ತು. ಭಾನುವಾರ ಹುಡುಗಿಯ ಕಡೆಯವರು ಬರುವವರಿದ್ದರು. ಇನ್ನೊಬ್ಬರ ಮಗಳ ಧಾರೆಯನ್ನು ಮತ್ತೆ ಮಾಡಿಸಲಾಗುತ್ತದೆಯೇ?

ಶೋಭಾ ಬೈಯಲಿಲ್ಲ. "ಕ್ಯಾಮೆರಾದಾಗಿನ ಕಾರ್ಡ್ ಅಳಿಸೀರೇನ್ರೀ?" ಎಂದಳು.

ಅಳಿಸಿರಲಿಲ್ಲ. ಜಾಣತನದಿಂದಲ್ಲ, ಸೋಮಾರಿತನದಿಂದ. ನನ್ನ ಗುಣಗಳಲ್ಲಿ ಅಂದು ನಮ್ಮನ್ನು ಕಾಪಾಡಿದ್ದು ಅದೊಂದೇ. ಫೋಟೋಗಳೆಲ್ಲ ಸಿಕ್ಕವು. ನಲವತ್ತು ಪುಟದ ವಿನ್ಯಾಸ ಮಾತ್ರ ಹೋಗಿತ್ತು. ಹೊಸ ಡಿಸ್ಕಿಗೆ ಎಲ್ಲ ಸಾಫ್ಟ್‌ವೇರನ್ನೂ ಮೊದಲಿನಿಂದ ಹಾಕಿ, ಹಟ ಹಿಡಿದು ಕೂತೆ. ಶೋಭಾ ರಜೆ ಹಾಕಿ ಪಕ್ಕದಲ್ಲಿ ಕೂತು ಫೋಟೋ ಆರಿಸಿಕೊಟ್ಟಳು. ಭಾನುವಾರ ಬೆಳಿಗ್ಗೆ ಆಲ್ಬಂ ಅವರ ಕೈ ಸೇರಿತು. ಹುಡುಗಿಯ ತಾಯಿ ಪುಟ ತಿರುವುತ್ತ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಅಂದು ಸಂಜೆ ಶೋಭಾ ಆಟಕ್ಕೆ ಕೂತಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರು ಸಿದ್ಧವಾಯಿತು. ಎಂಟು ತಿಂಗಳು ಗೆದ್ದು ಗಳಿಸಿದ ಕಾರುಗಳೆಲ್ಲ ಮಾಯವಾಗಿ, ಹೊಸಬರಿಗೆ ಕೊಡುವ ಡಬ್ಬಾ ಕಾರೊಂದು ನಿಂತಿತ್ತು. ಅವಳು ನನ್ನತ್ತ ತಿರುಗಿದಳು.

"ಭಾರಿ ಜೋರಾಗೈತೆ ಕಣ್ರೀ. ಒಂದನೇ ರೇಸಿಗೆ ವಾಪಸ್ ಬರಾಕೆ ಒಂದು ನಿಮಿಷಾನೂ ಹಿಡೀಲಿಲ್ಲ."

ನಾನು ಅಡುಗೆಮನೆಗೆ ಹೋಗಿ ಚಪಾತಿಗೆ ಹಿಟ್ಟು ಕಲಸಿದೆ. ನೀರು ಹೆಚ್ಚಾಯಿತು.