ಧೈರ್ಯದ ಕಡೇ ನಾಲ್ಕು ಹನಿ

ಭಾನುವಾರ ಬೆಳಗ್ಗೆ ಹೂವಿನಕ್ಕ ತಾರಸಿಯಲ್ಲಿಟ್ಟಿದ್ದ ಗಾಜಿನ ಬಟ್ಟಲಿನ ಮೇಲೆ ಒಂದು ನೆರಳು ಬಿತ್ತು. ರಗಳೆ ಶುರುವಾದದ್ದು ಅಲ್ಲಿಂದ.

ನೆರಳು ಬಿದ್ದರೇನಂತೆ ಎನ್ನಬೇಡಿ. ಅವಳಿರುವ ಕಟ್ಟಡದಲ್ಲಿ ಹಾಗೆಂದವರೆಲ್ಲ ಅರ್ಧ ಗಂಟೆ ಮೆಟ್ಟಿಲ ಮೇಲೆ ನಿಂತು ಪಾಠ ಕೇಳಿದ್ದಾರೆ. ಪುಷ್ಪಸಾರ ಎಂದರೆ ಕಷಾಯ ಕುದಿಸಿದಂತಲ್ಲ. ಆಗತಾನೇ ಬಿರಿದ ಹೂವನ್ನು ತಿಳಿನೀರಿನಲ್ಲಿ ತೇಲಿಬಿಟ್ಟು ಬಿಸಿಲಿಗಿಡಬೇಕು. ಹೂವಿನ ಗುಣ ನೀರಿಗೆ ಇಳಿಯುವ ತನಕ ಮನುಷ್ಯರ ನೆರಳು ಅದರ ಮೇಲೆ ಸುಳಿಯಬಾರದು. ಸುಳಿದರೆ ಹೂವಿನ ಸ್ವಭಾವದ ಜೊತೆ ಆ ಮನುಷ್ಯನ ಸ್ವಭಾವವೂ ಇಳಿದುಬಿಡುತ್ತದೆ. ಆಮೇಲೆ ಕೆಡದಿರಲೆಂದು ಒಂದಿಷ್ಟು ಬ್ರಾಂದಿ ಬೆರೆಸಿ ಸೀಸೆಗೆ ತುಂಬುವುದು. ನಾಲಿಗೆಯ ಕೆಳಗೆ ನಾಲ್ಕು ಹನಿ. ದಾಸವಾಳ ಸಿಟ್ಟಿಗೆ, ಗುಲಾಬಿ ದುಃಖಕ್ಕೆ, ಹೆಸರೇ ತಿಳಿಯದ ಒಂದು ಪುಟ್ಟ ಹಳದಿ ಹೂ ಧೈರ್ಯಕ್ಕೆ.

ಹೂವಿನಕ್ಕ ವಾರವಿಡೀ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಬಾಗಿಲಾಚೆ ಯಂತ್ರ ಗುಯ್‌ಗುಟ್ಟುತ್ತಿದ್ದಂತೆ ಬಿಳಿಚಿಕೊಳ್ಳುವ ಮುಖಗಳನ್ನು ನೋಡಿ ನೋಡಿ, ಹೆದರಿಕೆಯ ವಿಷಯದಲ್ಲಿ ಅವಳು ಪಂಡಿತೆಯಾಗಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಜಗತ್ತು ಹೇಳಲಿ. ಅವಳದು ತಾರಸಿಯ ಗಿಡ. ಕುಂಡಗಳ ನಡುವೆ ನಿಂತಾಗ ಅವಳ ಕತ್ತು ತಾನಾಗಿಯೇ ಒಂದು ಬೆರಳು ಉದ್ದವಾಗುತ್ತಿತ್ತು.

ಇವತ್ತಿನ ನೆರಳು ಕಟ್ಟಡದ ಸಂಘದ ಕಾರ್ಯದರ್ಶಿಯದು. ಜೊತೆಗೆ ಅವರ ಹೊಟ್ಟೆಯದೂ ಇದ್ದುದರಿಂದ ಬಟ್ಟಲು ಪೂರ್ತಿ ಮುಚ್ಚಿಹೋಯಿತು. ಅವರು ಅಳತೆಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುತ್ತಿದ್ದರು.

"ಸಾರ್, ನಿಮ್ಮ ನೆರಳು," ಎಂದಳು ಹೂವಿನಕ್ಕ.

"ನನ್ನದೇ, ಯಾಕೆ?"

"ಧೈರ್ಯದ ಮೇಲೆ ಬಿದ್ದಿದೆ."

ಕಾರ್ಯದರ್ಶಿ ಕಾಲೆತ್ತಿ ಕೆಳಗೆ ನೋಡಿದರು. "ಇರಲಿ ಬಿಡಿ ಅಕ್ಕ. ಸಂಜೆ ಮೀಟಿಂಗಿದೆ, ಗೊತ್ತಲ್ವಾ? ಈ ಜಾಗದಲ್ಲಿ ಸೋಲಾರ್ ಹಾಕೋಣ ಅಂತ. ಎಲ್ಲರ ಮನೆಗೂ ಬಿಸಿನೀರು. ಕುಂಡ ಎಲ್ಲಾ ತೆಗೀಬೇಕಾಗತ್ತೆ. ನಿಮಗೇನಾದ್ರೂ ಹೇಳೋದಿದ್ರೆ ಅಲ್ಲೇ ಎದ್ದು ಹೇಳಿ."

ಎದ್ದು ಹೇಳಬೇಕು. ಒಬ್ಬರ ಮುಂದೆ ಹೂವಿನಕ್ಕ ನಲ್ಲಿ ತಿರುಗಿಸಿದಂತೆ ಮಾತಾಡುತ್ತಾಳೆ. ನಾಲ್ಕು ಜನ ಸಾಲಾಗಿ ಕೂತರೆ ಸಾಕು, ನಾಲಿಗೆ ಒಣಗಿದ ಸೋಪಿನ ಚೂರಿನಂತೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆದರೇನು, ಧೈರ್ಯದ ಸೀಸೆ ಇದೆಯಲ್ಲ.

ಮನೆಗೆ ಬಂದು ಸೀಸೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಒಂದಿಷ್ಟಿತ್ತು. ಉಳಿದಿದ್ದ ಹಳದಿ ಹೂಗಳನ್ನೆಲ್ಲ ಕಿತ್ತು ತಾರಸಿಯಲ್ಲಿ ಹೊಸ ಬಟ್ಟಲು ಇಟ್ಟಳು. ಗೋಡೆಯ ಮರೆಯಲ್ಲಿ ನಿಂತು ಕಾಯುತ್ತಿದ್ದಾಗ ಎಲ್ಲಿಂದಲೋ ಒಂದು ಕಾಗೆ ಬಂದು ಬಟ್ಟಲಿಗೆ ಕೊಕ್ಕಿಟ್ಟು ಕುಡಿಯತೊಡಗಿತು. ಅವಳು ಹುಶ್ ಎಂದಳು. ಕಾಗೆ ಕದಲಲಿಲ್ಲ. ಪೊರಕೆ ಎತ್ತಿದಳು. ಕಾಗೆ ಎರಡು ಹೆಜ್ಜೆ ಅವಳ ಕಡೆಗೇ ನಡೆದು ಬಂತು. ಹೂವಿನಕ್ಕನೇ ಹಿಂದೆ ಸರಿದಳು.

"ರೀ, ಕಾಗೆ ನೋಡಿದ್ರಾ?" ಎಂದು ಓಡಿಬಂದು ಗಂಡನಿಗೆ ಹೇಳಿದಳು. "ಪೊರಕೆಗೂ ಬಗ್ಗಲಿಲ್ಲ. ನನ್ನ ಔಷಧ ಅಂದ್ರೆ ಅದು."

ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆಯದೆ, "ನಿನ್ನ ಔಷಧ ನೀನು ಕುಡಿಯೋ ಮೊದಲು ಕಾಗೆ ಕುಡೀತಲ್ಲ," ಎಂದ. "ಆ ಸೀಸೆಯಲ್ಲಿರೋದಾದ್ರೂ ಸಂಜೆಗೆ ಇಟ್ಕೋ. ಬಂದೋರಿಗೆಲ್ಲ ಹಂಚಬೇಡ. ಊರಿಗೆ ಉಪಕಾರಿ, ಮನೆಗೆ ಮಾರಿ."

"ನನಗೆ ಗೊತ್ತು," ಎಂದಳು ಹೂವಿನಕ್ಕ. ಅಷ್ಟರಲ್ಲಿ ಬೆಲ್ ಆಯಿತು.

ಬಾಗಿಲಲ್ಲಿ ಮೇಲಿನ ಮನೆ ಮೇಷ್ಟ್ರು. ಮನೆಯಲ್ಲೇ ಲೆಕ್ಕದ ಟ್ಯೂಷನ್ ಹೇಳುವ, ನಾಚಿಕೆಯ ಮುದ್ದೆಯಂಥ ಮನುಷ್ಯ.

"ಅಕ್ಕ, ಒಬ್ಬರ ಹತ್ರ ಒಂದು ಮಾತು ಹೇ... ಹೇಳಬೇಕು. ವರ್ಷದಿಂದ ಗಂಟಲಲ್ಲೇ ಇದೆ. ಎದುರು ಹೋದ್ರೆ ಬಾಯಿ ಬರಲ್ಲ."

ಹೂವಿನಕ್ಕನಿಗೊಂದು ನಿಯಮವಿತ್ತು: ಭಾವ ಕೇಳಬೇಕು, ಕಾರಣ ಕೇಳಬಾರದು. ಕಾರಣ ಕೆದಕುವುದು ನೆರೆಹೊರೆಯವರ ಕೆಲಸ, ತನ್ನದು ಚಿಕಿತ್ಸೆ ಎಂಬ ಬಿಂಕ ಅವಳಿಗೆ. "ಯಾರು, ಏನು ಅಂತ ಹೇಳಬೇಡಿ ಮೇಷ್ಟ್ರೇ. ಹೆದರಿಕೆ ತಾನೇ? ಅಷ್ಟು ಸಾಕು," ಎಂದಳು. ಮನಸ್ಸಿನಲ್ಲಿ ಮಾತ್ರ, ಟ್ಯೂಷನ್ ಫೀಸು ಕೊಡದ ಯಾವುದೋ ತಂದೆಯಿರಬೇಕು, ಪಾಪ, ಎಂದುಕೊಂಡಳು.

"ನಿಮ್ಮ ಕೈಗುಣ ಬೇರೆ ಯಾರಿಗೂ ಇಲ್ಲ ಅಕ್ಕ," ಎಂದರು ಮೇಷ್ಟ್ರು. ಆ ಮಾತಿನ ಮೇಲೆ ಸೀಸೆ ಬಚ್ಚಿಡುವುದು ಹೇಗೆ? ನಾಲ್ಕು ಹನಿ ಹೋಯಿತು.

ಮಧ್ಯಾಹ್ನಕ್ಕೆ ಪಕ್ಕದ ಮನೆಯ ಲೈಬ್ರರಿ ಹುಡುಗಿ ಬಂದಳು. ಕೆಲಸದ ಜಾಗದಲ್ಲಿ ಸದ್ದು ಮಾಡಬಾರದೆಂದು ಮನೆಯಲ್ಲೂ ಪಿಸುಗುಡುವವಳು. ಅವಳಿಗೂ ಯಾರಿಗೋ ಏನೋ ಹೇಳಬೇಕಿತ್ತು. ಪ್ರೀತಿಯೇ ಇದು ಎಂದು ಹೂವಿನಕ್ಕ ಒಳಗೊಳಗೇ ನಕ್ಕು, ಹುಡುಗಿಯ ಭವಿಷ್ಯ ಚೆನ್ನಾಗಿರಲೆಂದು ಐದನೆಯ ಹನಿಯನ್ನೂ ಬಿಟ್ಟಳು. ಅವಳ ಬೆನ್ನಿಗೇ ಕೆಳಮನೆ ಅಜ್ಜಿ.

"ನಾನು ಇದ್ದಿದ್ದು ಇದ್ದ ಹಾಗೆ ಹೇಳೋಳು ಕಣೇ. ಒಬ್ಬಳ ಮುಂದೆ ಮಾತ್ರ ಆಗ್ತಿಲ್ಲ. ಒಳ್ಳೇ ಹೆಂಗಸು ನೋಡು, ಅದೇ ಕಷ್ಟ."

ಸೊಸೆ, ಎಂದು ತೀರ್ಮಾನಿಸಿದಳು ಹೂವಿನಕ್ಕ. "ಬಾಯಿ ತೆಗೀರಿ ಅಜ್ಜಿ."

"ಬ್ರಾಂದಿ ಎಷ್ಟು ಹಾಕಿದ್ದೀಯೇ?"

"ಕೆಡದಿರೋ ಅಷ್ಟು."

"ಹಾಗಾದ್ರೆ ಇನ್ನೆರಡು ಬಿಡು. ಈ ವಯಸ್ಸಲ್ಲಿ ಕೆಡಬಾರದು."

ಸಂಜೆ ಸೀರೆ ಉಟ್ಟು ಸೀಸೆ ಅಲ್ಲಾಡಿಸಿದಾಗ ಉಳಿದದ್ದು ಕಡೇ ನಾಲ್ಕು ಹನಿ. ಒಬ್ಬರಿಗೆ ಸರಿಯಾಗಿ ಒಂದು ಸಲಕ್ಕೆ. ಸಭೆಯ ಬಾಗಿಲಲ್ಲೇ ಹಾಕಿಕೊಂಡರೆ ಬಿಸಿ ಬಿಸಿ ಕೆಲಸ ಮಾಡುತ್ತದೆಂದು ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಇಳಿದಳು. ಮೆಟ್ಟಿಲ ತಿರುವಿನಲ್ಲಿ ಕಾರ್ಯದರ್ಶಿ ಗೋಡೆಗೆ ಒರಗಿ ನಿಂತಿದ್ದರು. ಹಣೆಯ ಮೇಲೆ ಬೆವರು. ಕೈಯಲ್ಲಿದ್ದ ಭಾಷಣದ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದರು.

"ಅಕ್ಕ," ಎಂದರು ತಗ್ಗಿದ ದನಿಯಲ್ಲಿ, "ಯಾರಿಗೂ ಹೇಳಬೇಡಿ. ನನಗೆ ಮೀಟಿಂಗ್ ಅಂದ್ರೆ ಭಯ. ಜೋರು ಮಾಡೋದೆಲ್ಲಾ ಒಬ್ಬೊಬ್ಬರ ಹತ್ರ. ಎಲ್ಲರೂ ಒಟ್ಟಿಗೆ ನೋಡಿದ್ರೆ ಮಾತೇ ಮರೆತುಹೋಗತ್ತೆ. ನಿಮ್ಮ ಆ ಹನಿ ಏನಾದ್ರೂ..."

ಬೆಳಗ್ಗೆ ಅಳತೆಪಟ್ಟಿ ಹಿಡಿದ ಕೈ ಈಗ ಅವಳ ಮುಂದೆ ಚಾಚಿತ್ತು. ಬೇಡ, ಎಂದಿತು ಬುದ್ಧಿ. ವೈರಿಯೇ ಬಂದು ನಿನ್ನ ಔಷಧ ಕೇಳುತ್ತಿದ್ದಾನಲ್ಲೇ, ಇದಕ್ಕಿಂತ ದೊಡ್ಡ ಬಿರುದು ಯಾವುದು, ಎಂದಿತು ಇನ್ನೊಂದು. ಆ ಇನ್ನೊಂದರ ದನಿ ಯಾವಾಗಲೂ ದೊಡ್ಡದು.

"ನಾಲಿಗೆ ಎತ್ತಿ," ಎಂದಳು.

ಸಭೆಯಲ್ಲಿ ಕಾರ್ಯದರ್ಶಿ ಸಿಂಹದಂತೆ ಮಾತಾಡಿದರು. ಕಾಗದವನ್ನು ನೋಡಲೂ ಇಲ್ಲ. ಬಿಸಿನೀರಿನ ವರ್ಣನೆ ಕೇಳಿ ಕೆಲವರಿಗೆ ಕೂತಲ್ಲೇ ಸ್ನಾನವಾದಂತಾಯಿತು. "ಯಾರದಾದ್ರೂ ಆಕ್ಷೇಪ?" ಎಂದರು. ಹೂವಿನಕ್ಕ ಎದ್ದಳು. ಬಾಯಿ ತೆರೆದಳು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತವರ ಹಾಗೆ ಅದು ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಕೂತಳು.

ಆಗ ಮೇಷ್ಟ್ರು ಎದ್ದರು. ಅವರ ಹಿಂದೆ ಲೈಬ್ರರಿ ಹುಡುಗಿ, ಅಜ್ಜಿ. ಹೂವಿನಕ್ಕನ ಎದೆ ತುಂಬಿಬಂತು. ನನ್ನ ರೋಗಿಗಳು, ಎಂದು ಗಂಡನ ತೋಳು ಹಿಂಡಿದಳು.

"ಅಕ್ಕನಿಗೆ ಒಂದು ಮಾತು ಹೇಳಬೇಕು," ಎಂದರು ಮೇಷ್ಟ್ರು ಖಣಖಣ ದನಿಯಲ್ಲಿ. "ನಿಮ್ಮ ಕುಂಡದ ನೀರು ನನ್ನ ಚಾವಣಿಯಿಂದ ಸೋರುತ್ತೆ. ಮಕ್ಕಳು ಕೊಡೆ ಹಿಡ್ಕೊಂಡು ಲೆಕ್ಕ ಮಾಡ್ತಾರೆ. ವರ್ಷದಿಂದ ಹೇಳೋಕಾಗಿರಲಿಲ್ಲ. ಸೋಲಾರ್ ಬರಲಿ."

"ಜೇನುಹುಳಗಳು ನನ್ನ ಕಿಟಕಿಗೇ ಬರ್ತವೆ," ಎಂದಳು ಹುಡುಗಿ, ಬೀದಿಗೆ ಕೇಳುವಂತೆ. "ಮುಖ ತೊಳೆಯೋಕೂ ಅವುಗಳ ಅಪ್ಪಣೆ ಬೇಕು."

ಅಜ್ಜಿ ಕೋಲು ಕುಟ್ಟಿದರು. "ನನ್ನ ಕಂಬಳಿ ಬಿಸಿಲು ಕಂಡು ಎಷ್ಟು ಕಾಲವಾಯ್ತೇ? ನೆರಳು ಬೀಳಬಾರದು ಅಂತ ತಾರಸಿಯಲ್ಲಿ ಬಗ್ಗಿ ಬಗ್ಗಿ ನಡೆದು ನನ್ನ ಸೊಂಟ ಹಾಗೇ ನಿಂತುಹೋಗಿದೆ. ನೀನು ಒಳ್ಳೇಳು ಅಂತ ಸುಮ್ಮನಿದ್ದೆ."

ಕೈಗಳು ಎದ್ದವು. ಬೆಳಗಾಗುವುದರೊಳಗೆ ಕುಂಡಗಳು ಇಳಿಯಬೇಕೆಂದು ತೀರ್ಮಾನವಾಯಿತು.

ಗಂಡ ಹೆಂಡತಿಯ ಕಡೆ ಹೆದರಿ ಹೆದರಿ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಅವಳು ಚಪ್ಪಾಳೆ ತಟ್ಟುತ್ತಿದ್ದಳು.

"ಏನಾಯ್ತೇ ನಿನಗೆ?"

"ಮೇಷ್ಟ್ರು ಒಂದು ಸಲಾನೂ ತೊದಲಲಿಲ್ಲ ರೀ," ಎಂದಳು. "ಗಮನಿಸಿದ್ರಾ?"

ಮನೆಗೆ ಬಂದು ಕುಂಡಗಳನ್ನು ಎಲ್ಲಿಡುವುದೆಂದು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಬೆಲ್ ಆಯಿತು. ಮೂವರೂ ತಲೆ ತಗ್ಗಿಸಿ ನಿಂತಿದ್ದರು.

"ತಪ್ಪಾಯ್ತು ಅಕ್ಕ," ಎಂದರು ಮೇಷ್ಟ್ರು. "ಹೇಳೋದು ಹೇಳಿದ್ವಿ, ಗಂಟಲು ಹಗುರಾಯ್ತು. ಈಗ ಎದೆ ಭಾರ. ಸೋರೋದನ್ನ ರಿಪೇರಿ ಮಾಡಿಸಿದ್ರೆ ಮುಗೀತಿತ್ತು."

"ಕಿಟಕಿಗೆ ಜಾಲರಿ ಹಾಕಿಸ್ಕೋತೀನಿ," ಎಂದು ಪಿಸುಗುಟ್ಟಿದಳು ಹುಡುಗಿ.

"ಕಂಬಳಿ ಮಧ್ಯಾಹ್ನ ಒಣಗಿಸ್ತೀನಿ ಬಿಡು," ಎಂದರು ಅಜ್ಜಿ. "ನಿನ್ನ ಗಿಡ ಅಲ್ಲೇ ಇರಲಿ, ಇನ್ನೊಂದು ಮೀಟಿಂಗ್ ಕರೀರಿ ಅಂತ ಈಗಲೇ ಕಾರ್ಯದರ್ಶಿಗೆ ಹೇಳ್ತೀವಿ. ಆದ್ರೆ ಅವನ ಗತ್ತು ನೋಡಿದ್ಯಲ್ಲ ಇವತ್ತು? ಸುಮ್ಮನೆ ಎದುರು ನಿಲ್ಲೋಕಾಗಲ್ಲ. ಆ ಧೈರ್ಯದ್ದು ನಾಲ್ಕು ಹನಿ ಇದ್ದರೆ ಕೊಡೇ."

ಹೂವಿನಕ್ಕ ಸೀಸೆಯನ್ನು ಬೋರಲು ಹಿಡಿದಳು. ಏನೂ ಬೀಳಲಿಲ್ಲ.

"ಕಡೇ ನಾಲ್ಕು ಹನಿ ಅವರಿಗೇ ಕೊಟ್ಟೆ," ಎಂದಳು.

ಗಂಡ ಹಣೆ ಚಚ್ಚಿಕೊಂಡ. "ಬೆಳಗಾಗೋಷ್ಟು ಹೊತ್ತಿಗೆ ಅವರ ಧೈರ್ಯ ಇಳಿಯಬಹುದೇನೋ," ಎಂದರು ಮೇಷ್ಟ್ರು ಆಸೆಯಿಂದ.

"ಇಳಿಯೋದಾ?" ಹೂವಿನಕ್ಕ ಸೆಟೆದು ನಿಂತಳು. "ನನ್ನ ಕೈಯಿಂದ ಹೋದ ಔಷಧ ಮೇಷ್ಟ್ರೇ. ಇನ್ನು ಒಂದು ತಿಂಗಳು ಆ ಮನುಷ್ಯ ಯಾರ ಮಾತಿಗೂ ಬಗ್ಗಲ್ಲ, ಬರೆದಿಟ್ಟುಕೊಳ್ಳಿ."

ಹಾಗೆಂದು ಸೆರಗು ಸಿಕ್ಕಿಸಿಕೊಂಡು, ಕುಂಡ ಇಳಿಸಲು ತಾರಸಿ ಹತ್ತಿದಳು.