ಗಣಿತ ಕಾಪಾಡಿದ ಗಂಟೆ

ದೆಹಲಿಗೆ ಮೆಟ್ರೊ ಹೊಸದಾಗಿ ಬಂದ ಕಾಲದಲ್ಲಿ ನಮ್ಮ ಶಾಲೆಯ ಗಣಿತವೆಲ್ಲ ನಿಂತಿದ್ದದ್ದು ನನ್ನ ಕೈಮೇಲೆ. ಆಗಿನ ಮೇಷ್ಟ್ರು ಈಗಿಲ್ಲ, ಕಟ್ಟಡವೂ ಇಲ್ಲ. ಬೇಕಾದರೆ ಹೋಗಿ ವಿಚಾರಿಸಿ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದೇ ಗಂಟೆ ಬಾರಿಸುವ ಕೆಲಸಕ್ಕೆ. ಆದರೂ ಪಾಠವೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು.

ದೊಡ್ಡ ಮೂರನೇ ಒಂದು

ಮಕ್ಕಳೇ ಮಾತಾಡಬೇಕು, ಮಾಡಿ ಕಲಿಯಬೇಕು ಅಂತ ಮೇಲಿನಿಂದ ಹೊಸ ಆದೇಶ ಬಂತು. ಹಳೇ ಲೆಕ್ಕದ ಮೇಷ್ಟ್ರು ಎಲ್ಲರ ಕೈಗೂ ಕತ್ತರಿ ಕೊಟ್ಟರು. ಒಬ್ಬ ಹುಡುಗ ಕಾಗದವನ್ನು ಅಡ್ಡಾದಿಡ್ಡಿ ಮೂರು ತುಂಡು ಮಾಡಿ, ಒಂದೊಂದೂ ಮೂರನೇ ಒಂದು ಭಾಗ ಅಂದ. ಮಕ್ಕಳಿಗೆ ತಪ್ಪು ಅನ್ನಬಾರದಲ್ಲ, ಮೇಷ್ಟ್ರು ಶಭಾಷ್ ಅಂದರು. ಪಕ್ಕದ ಹುಡುಗಿ ಎದ್ದು, "ಸರ್, ಹಾಗಾದರೆ ಕೇಕ್ ಕತ್ತರಿಸುವಾಗ ನನಗೆ ದೊಡ್ಡ ಮೂರನೇ ಒಂದು ಕೊಡಿ" ಅಂದಳು. ಮೇಷ್ಟ್ರು ಕಿಟಕಿಯಿಂದ ನನ್ನ ಕಡೆ ನೋಡಿದರು. ಹೊಡೆದೆ ಗಂಟೆ. ಅವತ್ತು ಇಡೀ ಶಾಲೆ ಬೆಳಿಗ್ಗೆಯೇ ಮಧ್ಯಾಹ್ನದ ಊಟ ಮಾಡಿತು.

ಸಮೋಸಾ ಭಯ್ಯಾನ ದೂರು

ಆಮೇಲೆ ಧಾರವಾಡದ ಕಡೆಯ ಹೊಸ ಮೇಡಂ ಬಂದರು. ಅದೇ ಕತ್ತರಿ, ಅದೇ ಕಾಗದ. ಆದರೆ ಇವರಿಗೆ ಲೆಕ್ಕದ ಒಳಗುಟ್ಟು ಗೊತ್ತು. ಮಗು ತಪ್ಪು ಹೇಳಿದರೆ ಮೇಡಂ ಮುಖ ಅರಳುತ್ತಿತ್ತು. "ಅಚ್ಛಾ, ಹಾಗೆ ಯಾಕೆ ಅನ್ನಿಸ್ತು, ಹೇಳು" ಅನ್ನುವರು. ಅಲ್ಲಿಂದಲೇ ಪಾಠ ಶುರು. ನಾನು ಗಂಟೆ ಹೊಡೆದರೂ ಮಕ್ಕಳು ಹೊರಗೆ ಬರುತ್ತಿರಲಿಲ್ಲ. ಗೇಟಿನ ಸಮೋಸಾ ಭಯ್ಯಾ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಮೇಡಂಗೆ ಸ್ವಲ್ಪ ಕೆಟ್ಟದಾಗಿ ಪಾಠ ಮಾಡೋಕೆ ಹೇಳಿ ಅಂತ ಬೇಡಿಕೊಂಡ.

ಸಾಹೇಬರು ಬಂದ ದಿನ

ಮೇಡಂ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸಲು ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಒಬ್ಬಳು ಹುಡುಗಿ ಕೇಳಿಯೇಬಿಟ್ಟಳು: "ಮೇಡಂ, ಭಾಗಿಸಿದರೆ ಕಡಿಮೆ ಆಗಬೇಕಲ್ವಾ? ಒಂದನ್ನು ಅರ್ಧದಿಂದ ಭಾಗಿಸಿದರೆ ಎರಡು ಹೇಗಾಯ್ತು?"

ಮೇಡಂ ಮಾತಾಡದೆ ನಿಂತರು. ಕೆಲಸ ಹೋಯಿತು ಅಂದುಕೊಂಡು ನಾನು ಗಂಟೆ ಬಾರಿಸಿದೆ. ಕುತುಬ್ ಮಿನಾರಿನ ಪಾರಿವಾಳಗಳೆಲ್ಲ ಎದ್ದವು, ತರಗತಿಯಲ್ಲಿ ಒಬ್ಬರೂ ಏಳಲಿಲ್ಲ. ಮೇಡಂ ಸುಮ್ಮನಿದ್ದದ್ದು ಮಕ್ಕಳು ಯೋಚಿಸಲಿ ಅಂತ! ಅಷ್ಟರಲ್ಲಿ ಆ ಹುಡುಗಿಯೇ ಡಬ್ಬಿಯ ಪರಾಠ ಹರಿದು, ಒಂದರಲ್ಲಿ ಎರಡು ಅರ್ಧ ಇವೆ ಅಂತ ಕಂಡುಕೊಂಡಳು. ಗಂಟೆಯಾದರೂ ಏಳದ ಮಕ್ಕಳನ್ನು ಕಂಡು ಸಾಹೇಬರು ಮೇಡಂ ಕೆಲಸ ಖಾಯಂ ಮಾಡಿದರು. ಅಂದರೆ ಖಾಯಂ ಮಾಡಿಸಿದ್ದು ನನ್ನ ಗಂಟೆ.

ಮೊನ್ನೆ ದೆಹಲಿಯ ಪೀತಮ್‌ಪುರಾದಲ್ಲಿ ಸ್ನೇಹಿತರ ಮನೆಯಲ್ಲಿ ಇಷ್ಟು ಹೇಳಿ ಮುಗಿಸಿದ್ದೆ. ಚಹಾ ತಂದಿಟ್ಟ ಆ ಮನೆಯ ಹೊಸ ಸೊಸೆ ಅಲ್ಲೇ ನಿಂತಳು.

"ಅಜ್ಜ, ಆ ಪರಾಠ ನಂದು. ಅವತ್ತು ಗಂಟೆಯೇ ಆಗಲಿಲ್ಲ. ನೀವು ಬಾಗಿಲಲ್ಲಿ ನಿಂತು ಅದರ ಒಂದು ಅರ್ಧ ತಿಂತಾ ಇದ್ರಿ."

ನಾನು ಭುಜ ಕುಣಿಸಿದೆ.

"ಉಪ್ಪು ಸ್ವಲ್ಪ ಕಡಿಮೆ ಇತ್ತು" ಅಂದೆ.